ಬೇಸ್‌ಬಾಲ್ ವರ್ಲ್ಡ್ ಸೀರೀಸ್ 2025: ಬ್ಲೂ ಜೇಸ್ ಅಥವಾ ಡಾಡ್ಜರ್ಸ್? ನಿಮ್ಮ ಲೆಕ್ಕ ಕಾರಣದ ಜೊತೆ ಬರೆಯಿರಿ

ಮಿಸಿಸಾಗಾದವನು · ಅಕ್ಟೋಬರ್ 22

ಸೋಮವಾರ ರಾತ್ರಿಯ ಮ್ಯಾಚ್ ನೋಡಿದ ಮೇಲೆ ನನಗೆ ಇನ್ನೂ ಸರಿಯಾಗಿ ನಿದ್ದೆ ಬಂದಿಲ್ಲ. ಸಿಯಾಟಲ್ ಮರಿನರ್ಸ್ ಎದುರು ಲೀಗ್ ಫೈನಲ್‌ನ ಏಳನೇ ಪಂದ್ಯ. ಏಳನೇ ಇನ್ನಿಂಗ್ಸ್. 3-1ರಲ್ಲಿ ಹಿಂದೆ ಬಿದ್ದಿದ್ದೆವು. ಜಾರ್ಜ್ ಸ್ಪ್ರಿಂಗರ್ ಹೊಡೆದ ಒಂದೇ ಹೊಡೆತಕ್ಕೆ ಮೂರು ರನ್ ಬಂತು, 4-3 ಆಯಿತು, ಅಲ್ಲಿಗೇ ಮುಗಿಯಿತು. 1993ರ ನಂತರ ಮೊದಲ ಸಲ ನಮ್ಮ ಟೊರಾಂಟೊ ಬ್ಲೂ ಜೇಸ್ ವರ್ಲ್ಡ್ ಸೀರೀಸ್ ಆಡುತ್ತಿದೆ. ಹೋದ ವರ್ಷ ಇದೇ ತಂಡ 74 ಪಂದ್ಯ ಗೆದ್ದು ತನ್ನ ಡಿವಿಷನ್‌ನಲ್ಲಿ ಕಟ್ಟಕಡೆಯಲ್ಲಿತ್ತು. ಈ ವರ್ಷ 94 ಗೆದ್ದಿದೆ.

ಎದುರಿಗೆ ಲಾಸ್ ಏಂಜಲೀಸ್ ಡಾಡ್ಜರ್ಸ್. ಹಾಲಿ ಚಾಂಪಿಯನ್. ಶುಕ್ರವಾರ ಟೊರಾಂಟೊದಲ್ಲಿ ಶುರು. ಏಳರಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಕಪ್.

ಇಲ್ಲಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ. "ನಮ್ಮವರೇ ಗೆಲ್ಲೋದು" ಅಂತ ಮಾತ್ರ ಬರೆಯಬೇಡಿ. ಯಾರು, ಎಷ್ಟು ಪಂದ್ಯದಲ್ಲಿ, ಯಾಕೆ ಅಂತ ಹೇಳಿ. ನನ್ನ ಲೆಕ್ಕ ಹೀಗಿದೆ: ಬ್ಲೂ ಜೇಸ್, 6 ಪಂದ್ಯದಲ್ಲಿ. ಕಾರಣ, ನಮ್ಮ ಹುಡುಗರು ಸುಲಭವಾಗಿ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗುವುದಿಲ್ಲ. ಚೆಂಡಿಗೆ ಬ್ಯಾಟ್ ತಾಗಿಸುತ್ತಲೇ ಇರುತ್ತಾರೆ. ಫೌಲ್ (ಗೆರೆಯಾಚೆ ಹೋಗುವ ಹೊಡೆತ) ಮೇಲೆ ಫೌಲ್ ಹೊಡೆದು, ಚೆಂಡು ಎಸೆಯುವ ಪಿಚರ್‌ನನ್ನು ದಣಿಸುತ್ತಾರೆ. ಡಾಡ್ಜರ್ಸ್ ಸ್ಟಾರ್ಟರ್‌ಗಳು (ಪಂದ್ಯ ಶುರು ಮಾಡುವ ಪಿಚರ್‌ಗಳು) ಎಷ್ಟೇ ದೊಡ್ಡವರಾದರೂ ಆರನೇ ಇನ್ನಿಂಗ್ಸ್‌ಗೆ ಅವರನ್ನು ಆಚೆ ಕಳಿಸಿದರೆ, ಹಿಂದೆ ಇರುವ ಬುಲ್‌ಪೆನ್, ಅಂದರೆ ಬದಲಿ ಪಿಚರ್‌ಗಳ ಗುಂಪು, ದುರ್ಬಲ.

ಪಸಡೀನಾ ಅಮ್ಮ · ಅಕ್ಟೋಬರ್ 22

ಡಾಡ್ಜರ್ಸ್, 5 ಪಂದ್ಯದಲ್ಲಿ.

ನಾವು ಲೀಗ್ ಫೈನಲ್‌ನಲ್ಲಿ ಸೋಲಿಸಿದ ಮಿಲ್ವಾಕಿ ಬ್ರೂವರ್ಸ್ ಈ ವರ್ಷ 97 ಪಂದ್ಯ ಗೆದ್ದ ತಂಡ. ಇಡೀ ಲೀಗ್‌ನಲ್ಲಿ ಅವರಿಗಿಂತ ಜಾಸ್ತಿ ಗೆದ್ದವರು ಇಲ್ಲ. ಅಂಥ ತಂಡ ನಮ್ಮೆದುರು ನಾಲ್ಕು ಪಂದ್ಯದಲ್ಲಿ ಹೊಡೆದ ಒಟ್ಟು ರನ್ ನಾಲ್ಕು. ದಿನಕ್ಕೊಂದು! ಮೊದಲ ದಿನ ಬ್ಲೇಕ್ ಸ್ನೆಲ್ ಎಂಟು ಇನ್ನಿಂಗ್ಸ್ ಎಸೆದು ಒಂದೇ ಹಿಟ್ ಕೊಟ್ಟರು. ಎರಡನೇ ದಿನ ಯೋಶಿನೊಬು ಯಮಮೊಟೊ ಒಂಬತ್ತೂ ಇನ್ನಿಂಗ್ಸ್ ಒಬ್ಬರೇ ಮುಗಿಸಿದರು. ಆಮೇಲೆ ಟೈಲರ್ ಗ್ಲಾಸ್‌ನೌ. ಕೊನೆಗೆ ಶೋಹೆಯ್ ಒಟಾನಿ ಒಂದೇ ರಾತ್ರಿ ಹತ್ತು ಜನರನ್ನು ಸ್ಟ್ರೈಕ್ ಔಟ್ ಮಾಡಿ, ತಾವೇ ಮೂರು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದರು. ನಾನು ಆ ರಾತ್ರಿ ಸ್ಟೇಡಿಯಂನಲ್ಲೇ ಇದ್ದೆ. ಮೂರನೆಯದು ಹೋದಾಗ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ನನ್ನನ್ನು ತಬ್ಬಿಕೊಂಡು ಅತ್ತರು.

ಬುಲ್‌ಪೆನ್ ದುರ್ಬಲ ಅನ್ನುವುದು ನಿಜ. ಆದರೆ ಅದನ್ನು ಬಳಸುವ ಪ್ರಮೇಯವೇ ಬರದಿದ್ದರೆ?

ಹೊಸಬ ಬೆಂಗಳೂರು · ಅಕ್ಟೋಬರ್ 23

ನಾನು ಈ ಆಟ ನೋಡಲು ಶುರು ಮಾಡಿ ಎರಡು ತಿಂಗಳಾಯಿತು ಅಷ್ಟೇ. ಅಕ್ಕ ಟೊರಾಂಟೊದಲ್ಲಿದ್ದಾಳೆ, ಅವಳಿಂದ ಹತ್ತಿದ ಹುಚ್ಚು. ಒಂದು ಸಂದೇಹ ಇದೆ. ಎಲ್ಲರೂ "ಯಾವ ದಿನ ಯಾರು ಪಿಚ್ ಮಾಡುತ್ತಾರೆ" ಅಂತಲೇ ಮಾತಾಡುತ್ತಾರೆ. ಕ್ರಿಕೆಟ್‌ನಲ್ಲಿ ಒಳ್ಳೆ ಬೌಲರ್ ಇದ್ದರೆ ಎಲ್ಲಾ ಪಂದ್ಯಕ್ಕೂ ಇರುತ್ತಾನೆ. ಇಲ್ಲಿ ಯಾಕೆ ಹಾಗಲ್ಲ?

ಎಡಗೈ ಸ್ಪಿನ್ನರ್ · ಅಕ್ಟೋಬರ್ 23

ಒಳ್ಳೆಯ ಪ್ರಶ್ನೆ. ಇದು ಅರ್ಥವಾದರೆ ಸೀರೀಸ್ ಲೆಕ್ಕ ಅರ್ಧ ಗೊತ್ತಾದಂತೆ.

ಟಿ20ಯಲ್ಲಿ ಬುಮ್ರಾ ಒಂದು ದಿನಕ್ಕೆ ಹಾಕುವುದು 24 ಚೆಂಡು. ಬೇಸ್‌ಬಾಲ್‌ನಲ್ಲಿ ಸ್ಟಾರ್ಟಿಂಗ್ ಪಿಚರ್ ಒಂದೇ ಪಂದ್ಯದಲ್ಲಿ ತೊಂಬತ್ತು, ನೂರು ಚೆಂಡು ಎಸೆಯುತ್ತಾನೆ. ಪ್ರತಿಯೊಂದನ್ನೂ ಪೂರ್ತಿ ಶಕ್ತಿ ಹಾಕಿ. ಭುಜ, ಮೊಣಕೈ ಎರಡೂ ಹಿಂಡಿದಂತಾಗುತ್ತದೆ. ಆಮೇಲೆ ನಾಲ್ಕೈದು ದಿನ ವಿಶ್ರಾಂತಿ ಬೇಕೇ ಬೇಕು. ಹಾಗಾಗಿ ಏಳು ಪಂದ್ಯದ ಸೀರೀಸ್‌ನಲ್ಲಿ ಒಬ್ಬ ಸ್ಟಾರ್ಟರ್ ಎರಡು ಸಲ ಬರಬಹುದು, ಅಷ್ಟೇ.

ಇನ್ನೊಂದು ಸೂಕ್ಷ್ಮ ಇದೆ. ಒಬ್ಬನೇ ಪಿಚರ್‌ನನ್ನು ಬ್ಯಾಟರ್ ಮೊದಲ ಸಲ ಎದುರಿಸುವಾಗ ತಡಕಾಡುತ್ತಾನೆ. ಮೂರನೇ ಸಲಕ್ಕೆ ಚೆಂಡು ಕೈಯಿಂದ ಹೊರಡುವಾಗಲೇ ಗುರುತು ಹಿಡಿಯುತ್ತಾನೆ. ಅದಕ್ಕೇ ಮ್ಯಾನೇಜರ್‌ಗಳು ಆರನೇ ಇನ್ನಿಂಗ್ಸ್ ಹೊತ್ತಿಗೆ ಚಡಪಡಿಸುತ್ತಾರೆ. ಇನ್ನೂ ಬಿಡಬೇಕಾ, ಬುಲ್‌ಪೆನ್‌ನಿಂದ ಹೊಸ ಕೈ ತರಬೇಕಾ? ಸೀರೀಸ್‌ಗಳು ಜಾಸ್ತಿ ಸೋಲುವುದು ಈ ಒಂದು ನಿರ್ಧಾರದಲ್ಲಿ.

ನನ್ನ ಪ್ರಕಾರ ಸಾಲು ಹೀಗೆ ಬರುತ್ತದೆ. ಮೊದಲ ದಿನ ಸ್ನೆಲ್ ಎದುರು ಟ್ರೇ ಯೆಸಾವೆಜ್. ಎರಡನೇ ದಿನ ಯಮಮೊಟೊ ಎದುರು ಕೆವಿನ್ ಗಾಸ್‌ಮನ್. ಮೂರಕ್ಕೆ ಗ್ಲಾಸ್‌ನೌ, ಈ ಕಡೆ ಮ್ಯಾಕ್ಸ್ ಶೆರ್ಜರ್. ನಾಲ್ಕಕ್ಕೆ ಒಟಾನಿ ಎದುರು ಶೇನ್ ಬೀಬರ್. ಒಂದೊಂದೇ ಜೋಡಿ ನೋಡುತ್ತಾ ಹೋದರೆ ಡಾಡ್ಜರ್ಸ್ ಕೈ ಮೇಲಿದೆ. ಯೆಸಾವೆಜ್‌ಗೆ 22 ವರ್ಷ. ದೊಡ್ಡ ಲೀಗ್‌ಗೆ ಬಂದದ್ದೇ ಸೆಪ್ಟೆಂಬರ್ ಮಧ್ಯದಲ್ಲಿ. ಶೆರ್ಜರ್‌ಗೆ 41. ಡಾಡ್ಜರ್ಸ್, 6 ಪಂದ್ಯದಲ್ಲಿ.

ಸಿಯಾಟಲ್ ಹಳಬ · ಅಕ್ಟೋಬರ್ 23

ಸ್ಪ್ರಿಂಗರ್ ಹೆಸರು ಓದಿದರೆ ಹೊಟ್ಟೆ ಹಿಂಡುತ್ತದೆ. ಮರಿನರ್ಸ್ ಇವತ್ತಿನವರೆಗೂ ವರ್ಲ್ಡ್ ಸೀರೀಸ್ ಕಾಣದ ಒಂದೇ ತಂಡ. ಗೆಲ್ಲಲು ಎಂಟು ಔಟ್ ಬಾಕಿ ಇತ್ತು. ಎಂಟೇ. ಮೊದಲ ಎರಡು ಪಂದ್ಯ ಟೊರಾಂಟೊದಲ್ಲೇ ಗೆದ್ದು ಬಂದಿದ್ದೆವು.

ಆದರೂ ಈ ಏಳು ಪಂದ್ಯ ಬ್ಲೂ ಜೇಸ್ ತಂಡವನ್ನು ತೀರಾ ಹತ್ತಿರದಿಂದ ನೋಡಿದವನು ನಾನು. ಅವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವ್ಲಾಡಿಮಿರ್ ಗೆರೆರೊ ಜೂನಿಯರ್ ಈ ತಿಂಗಳು ಆರು ಹೋಮ್ ರನ್ ಹೊಡೆದಾಗಿದೆ. ಆದರೆ ನಮ್ಮನ್ನು ಸಾಯಿಸಿದ್ದು ಅವನೊಬ್ಬನೇ ಅಲ್ಲ. ಎರ್ನಿ ಕ್ಲೆಮೆಂಟ್ ಥರದ ಕೆಳಗಿನ ಕ್ರಮಾಂಕದವರು. ಔಟ್ ಆಗಲೇಬೇಕಾದ ಜಾಗದಲ್ಲಿ ಔಟ್ ಆಗುವುದೇ ಇಲ್ಲ. ಯೆಸಾವೆಜ್ ಹುಡುಗನ ಬಗ್ಗೆಯೂ ಹೇಳಬೇಕು. ಕೈ ತಲೆಯ ಮೇಲಿಂದ ನೆಟ್ಟಗೆ ಬರುತ್ತದೆ. ಸ್ಪ್ಲಿಟರ್ ಅನ್ನುವ ಅವನ ಚೆಂಡು ಮಂಡಿ ಹತ್ತಿರ ಬಂದು ಕಾಲ ಕೆಳಗೆ ಮಾಯವಾಗುತ್ತದೆ. ಮೊದಲ ಸಲ ಎದುರಿಸುವವರಿಗೆ ತುಂಬ ಕಷ್ಟ.

ಡಾಡ್ಜರ್ಸ್, 7 ಪಂದ್ಯದಲ್ಲಿ. ಕೊನೆಯ ದಿನ ಯಾರ ಹತ್ತಿರ ಜಾಸ್ತಿ ಒಳ್ಳೆ ಕೈಗಳು ಉಳಿದಿರುತ್ತವೋ ಅವರಿಗೆ ಹೋಗುತ್ತದೆ. ಆ ಕೈಗಳು ಡಾಡ್ಜರ್ಸ್ ಹತ್ತಿರ ಜಾಸ್ತಿ.

ಲೆಕ್ಕದ ಮೇಷ್ಟ್ರು · ಅಕ್ಟೋಬರ್ 23

ಸ್ವಲ್ಪ ಗಣಿತ ಸೇರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡೂ ತಂಡ ಸರಿಸಮ ಅಂದುಕೊಳ್ಳಿ. ನಾಣ್ಯ ಚಿಮ್ಮಿದ ಹಾಗೆ. ಅಂಥ 16 ಸೀರೀಸ್ ಆಡಿಸಿದರೆ ಸರಾಸರಿ 2 ಸೀರೀಸ್ ನಾಲ್ಕೇ ಪಂದ್ಯಕ್ಕೆ ಮುಗಿಯುತ್ತವೆ, 4 ಸೀರೀಸ್ ಐದಕ್ಕೆ, 5 ಆರಕ್ಕೆ, 5 ಏಳಕ್ಕೆ. ಅಂದರೆ "ಆರು ಅಥವಾ ಏಳು" ಅಂದವರು ಮೊದಲೇ ಒಂದು ಹೆಜ್ಜೆ ಮುಂದೆ ಇದ್ದಾರೆ.

ಈಗ ಡಾಡ್ಜರ್ಸ್ ಸ್ವಲ್ಪ ಮೇಲು ಅನ್ನೋಣ. ಪ್ರತಿ ಪಂದ್ಯ ಗೆಲ್ಲುವ ಅವಕಾಶ ನೂರಕ್ಕೆ 55. ಆಗ ಸೀರೀಸ್ ಗೆಲ್ಲುವ ಅವಕಾಶ ಎಷ್ಟಾಗುತ್ತದೆ? ನೂರಕ್ಕೆ 61. ಅಷ್ಟೇ! 60 ಅಂತ ಹಿಡಿದರೂ ಸೀರೀಸ್ ಅವಕಾಶ 71. ಬೇಸ್‌ಬಾಲ್‌ನಲ್ಲಿ ಎರಡು ಒಳ್ಳೆ ತಂಡಗಳ ನಡುವೆ 60 ಅನ್ನುವುದೇ ತುಂಬ ದೊಡ್ಡ ಅಂತರ. ಮೂರರಲ್ಲಿ ಒಂದು ಸಲ ಕಡಿಮೆ ಬಲದ ತಂಡ ಗೆಲ್ಲುತ್ತದೆ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡಬೇಕು.

ನನ್ನದು ಡಾಡ್ಜರ್ಸ್, 6. ನೂರಕ್ಕೆ 60ರಷ್ಟು ನಂಬಿಕೆ.

ಮಿಸಿಸಾಗಾದವನು · ಅಕ್ಟೋಬರ್ 24

ಮೇಷ್ಟ್ರೇ, ಇದಕ್ಕೆ ಏನು ಹೇಳುತ್ತೀರಿ? ಒಂದು ತಂಡ ಲೀಗ್ ಫೈನಲ್ 4-0ರಲ್ಲಿ ಗೆದ್ದು ಆರಾಮಾಗಿ ಕೂತಿರುತ್ತದೆ. ಇನ್ನೊಂದು ಏಳು ಪಂದ್ಯ ಒದ್ದಾಡಿ ಬರುತ್ತದೆ. ಹೀಗೆ ಹಿಂದೆ ನಾಲ್ಕು ಸಲ ಆಗಿದೆ: 1988, 2006, 2007, 2012. ನಾಲ್ಕೂ ಸಲ ಗೆದ್ದದ್ದು ಒದ್ದಾಡಿ ಬಂದ ತಂಡ. 2007ರ ಕೊಲರಾಡೊ ರಾಕೀಸ್ 22ರಲ್ಲಿ 21 ಪಂದ್ಯ ಗೆದ್ದು ಬಂದಿದ್ದರು. ಎಂಟು ದಿನ ಕೂತರು. ಬಾಸ್ಟನ್ ಎದುರು ಒಂದೂ ಗೆಲ್ಲಲಿಲ್ಲ. ಡಾಡ್ಜರ್ಸ್ ಈಗ ಒಂದು ವಾರದಿಂದ ಮ್ಯಾಚ್ ಆಡಿಲ್ಲ. ಬ್ಯಾಟಿನ ಲಯ ತಪ್ಪುವುದಿಲ್ಲವಾ?

ಲೆಕ್ಕದ ಮೇಷ್ಟ್ರು · ಅಕ್ಟೋಬರ್ 24

ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ನಾಲ್ಕೂ ಸಲ ಒಂದೇ ಮುಖ ಬೀಳುವುದು ಎಂಟರಲ್ಲಿ ಒಂದು ಸಲ. ಅಪರೂಪ ಏನಲ್ಲ. ನಾಲ್ಕು ಉದಾಹರಣೆಯ ಮೇಲೆ ಮನೆ ಕಟ್ಟಲು ನಾನು ತಯಾರಿಲ್ಲ. ವಿಶ್ರಾಂತಿ ಪಿಚರ್‌ಗಳಿಗೆ ಒಳ್ಳೆಯದು ಅನ್ನುವುದನ್ನೂ ತೂಗಬೇಕು. ಆದರೆ ಮೊದಲ ದಿನ ಬ್ಯಾಟರ್‌ಗಳು ತಡವರಿಸಬಹುದು ಅನ್ನುವುದನ್ನು ಒಪ್ಪುತ್ತೇನೆ.

ಪಸಡೀನಾ ಅಮ್ಮ · ಅಕ್ಟೋಬರ್ 24

1988ರಲ್ಲಿ ಏಳು ಪಂದ್ಯ ಒದ್ದಾಡಿ ಬಂದು ಗೆದ್ದವರು ನಾವೇ! ಡಾಡ್ಜರ್ಸ್! ಆ ಲೆಕ್ಕವನ್ನು ಈಗ ನಮ್ಮ ಮೇಲೇ ತಿರುಗಿಸುತ್ತೀರಲ್ಲ.

ಮಿಸಿಸಾಗಾದವನು · ಅಕ್ಟೋಬರ್ 25, ಬೆಳಗಿನ ಜಾವ

ಮೊದಲ ಪಂದ್ಯ ನಮ್ಮದು, 11-4!

ಆರನೇ ಇನ್ನಿಂಗ್ಸ್. ನಾನು ಬರೆದ ಅದೇ ಆರನೇ ಇನ್ನಿಂಗ್ಸ್. ಸ್ನೆಲ್ ನೂರು ಚೆಂಡು ಎಸೆದು ದಣಿದು ಹೋದರು. ಬೇಸ್ ತುಂಬಿಸಿ ಇಳಿದರು. ಬುಲ್‌ಪೆನ್ ಬಾಗಿಲು ತೆರೆಯಿತು, ಒಂಬತ್ತು ರನ್ ಬಂತು. ಬದಲಿ ಬ್ಯಾಟರ್ ಆಗಿ ಬಂದ ಅಡಿಸನ್ ಬಾರ್ಜರ್ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್‌ನಲ್ಲಿ ಓಟಗಾರರಿರುವಾಗ ಹೊಡೆಯುವ ಹೋಮ್ ರನ್, ನಾಲ್ಕು ರನ್) ಹೊಡೆದರು. ವರ್ಲ್ಡ್ ಸೀರೀಸ್ ಇತಿಹಾಸದಲ್ಲೇ ಬದಲಿ ಬ್ಯಾಟರ್ ಒಬ್ಬ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದದ್ದು ಇದೇ ಮೊದಲು. ಆ ಹುಡುಗ ಹಿಂದಿನ ರಾತ್ರಿ ಮಲಗಿದ್ದು ತಂಡದ ಗೆಳೆಯನ ಹೋಟೆಲ್ ರೂಮಿನ ಸೋಫಾ ಮೇಲೆ.

ನನ್ನ ಮಗ ಕೂಗಿದ ಕೂಗಿಗೆ ಮೇಲಿನ ಮನೆಯವರು ಕೆಳಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರೂ ಅದನ್ನೇ ನೋಡುತ್ತಿದ್ದರಂತೆ. ಬಾಗಿಲಲ್ಲೇ ನಿಂತು ರೀಪ್ಲೇ ನೋಡಿ ಹೋದರು.

ಎಡಗೈ ಸ್ಪಿನ್ನರ್ · ಅಕ್ಟೋಬರ್ 25

ನಿಮ್ಮ ಕಾರಣ ಅಕ್ಷರಶಃ ಸರಿಯಾಯಿತು, ಅಭಿನಂದನೆ. ಆದರೆ ಇವತ್ತು ಯಮಮೊಟೊ. ಆತ ನೂರು ಚೆಂಡಿನಲ್ಲಿ ಆರಲ್ಲ, ಒಂಬತ್ತು ಇನ್ನಿಂಗ್ಸ್ ಮುಗಿಸಬಲ್ಲ. ದಣಿಸುವ ಉಪಾಯ ಎಲ್ಲರ ಮೇಲೂ ನಡೆಯುವುದಿಲ್ಲ.

ಪಸಡೀನಾ ಅಮ್ಮ · ಅಕ್ಟೋಬರ್ 25, ರಾತ್ರಿ

5-1. 105 ಚೆಂಡು, ಒಂಬತ್ತು ಇನ್ನಿಂಗ್ಸ್, ಕೊನೆಯ ಇಪ್ಪತ್ತು ಜನರನ್ನು ಸಾಲಾಗಿ ಔಟ್ ಮಾಡಿದರು. ಸ್ಪಿನ್ನರ್ ಅವರೇ, ನಿಮ್ಮ ಬಾಯಿಗೆ ಸಕ್ಕರೆ. ಈಗಿನ ಕಾಲದಲ್ಲಿ ಒಬ್ಬನೇ ಒಂಬತ್ತು ಇನ್ನಿಂಗ್ಸ್ ಮುಗಿಸುವುದೇ ಅಪರೂಪ. ಈ ಮನುಷ್ಯ ಸತತ ಎರಡು ಪಂದ್ಯದಲ್ಲಿ ಮಾಡಿದ್ದಾರೆ. ಬುಲ್‌ಪೆನ್ ಬಾಗಿಲು ಮುಚ್ಚೇ ಇತ್ತು.

ಲೆಕ್ಕದ ಮೇಷ್ಟ್ರು · ಅಕ್ಟೋಬರ್ 26

1-1. ಈಗ ಉಳಿದಿರುವುದು ಐದರಲ್ಲಿ ಮೂರು ಗೆಲ್ಲುವ ಸೀರೀಸ್. ಮುಂದಿನ ಮೂರೂ ಲಾಸ್ ಏಂಜಲೀಸ್‌ನಲ್ಲಿ. ಆದರೆ ಆರು, ಏಳು ಬಂದರೆ ಮತ್ತೆ ಟೊರಾಂಟೊ. ನನ್ನ 60 ಹಾಗೇ ಇದೆ. ಬದಲಿಸಲು ಕಾರಣ ಕಾಣುತ್ತಿಲ್ಲ.

ಹೊಸಬ ಬೆಂಗಳೂರು · ಅಕ್ಟೋಬರ್ 28, ಮಧ್ಯಾಹ್ನ

ಮೂರನೇ ಪಂದ್ಯಕ್ಕೆ ಬೆಳಗ್ಗೆ ಐದೂವರೆಗೆ ಕಾಫಿ ಇಟ್ಟುಕೊಂಡು ಕೂತೆ. ಆಫೀಸಿಗೆ ಹೊರಡುವಾಗ 5-5. ಮೆಟ್ರೋದಲ್ಲಿ 5-5. ಮೀಟಿಂಗ್ ಮುಗಿಸಿ ಬಂದಾಗಲೂ 5-5. ಊಟದ ಹೊತ್ತಿಗೆ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದು 6-5 ಮಾಡಿದರು. ಹದಿನೆಂಟು ಇನ್ನಿಂಗ್ಸ್! ಅಂದರೆ ಎರಡು ಪೂರ್ತಿ ಪಂದ್ಯ. ಆರು ಗಂಟೆ 39 ನಿಮಿಷ. ಇಂಥ ಆಟವನ್ನು ಯಾರು ತಾನೇ ಮೊದಲೇ ಊಹಿಸುವುದು ಸಾಧ್ಯ?

ಪಸಡೀನಾ ಅಮ್ಮ · ಅಕ್ಟೋಬರ್ 28

ನಾನು ಇನ್ನೂ ನಡುಗುತ್ತಿದ್ದೇನೆ. ಒಟಾನಿ ಒಂಬತ್ತು ಸಲ ಬೇಸ್ ತಲುಪಿದರು. ಎರಡು ಹೋಮ್ ರನ್, ಎರಡು ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ). ಆಮೇಲೆ ಟೊರಾಂಟೊದವರು ಅವರಿಗೆ ಆಡಲು ಚೆಂಡೇ ಹಾಕಲಿಲ್ಲ. ಬುಲ್‌ಪೆನ್‌ನ ಕಟ್ಟಕಡೆಯ ಹುಡುಗ ವಿಲ್ ಕ್ಲೈನ್ ನಾಲ್ಕು ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದ. ದುರ್ಬಲ ಬುಲ್‌ಪೆನ್ ಅಂತ ಅಂದಿದ್ದೆವಲ್ಲ! ಅಷ್ಟು ಹೊತ್ತಿಗೆ ಎರಡು ದಿನದ ಹಿಂದೆ ಪೂರ್ತಿ ಪಂದ್ಯ ಎಸೆದಿದ್ದ ಯಮಮೊಟೊ ಆಚೆ ವಾರ್ಮ್ ಅಪ್ ಮಾಡುತ್ತಿದ್ದರು. ನೋಡಿ ಕಣ್ಣು ತುಂಬಿತು.

ಇದು ಮುಗಿಯಿತು. ಐದರಲ್ಲೇ ಮುಗಿಸುತ್ತೇವೆ.

ಎಡಗೈ ಸ್ಪಿನ್ನರ್ · ಅಕ್ಟೋಬರ್ 28

ಅಮ್ಮ, ಸ್ವಲ್ಪ ತಡೆಯಿರಿ. ಎರಡೂ ಕಡೆ ಸೇರಿ 609 ಚೆಂಡು ಎಸೆದಿದ್ದಾರೆ. ಬುಲ್‌ಪೆನ್‌ಗಳು ಎರಡೂ ಹಿಂಡಿದ ನಿಂಬೆಹಣ್ಣಿನಂತಾಗಿವೆ. ಇಂಥ ರಾತ್ರಿಯ ಮರುದಿನ ಯಾರ ಸ್ಟಾರ್ಟರ್ ಜಾಸ್ತಿ ಹೊತ್ತು ನಿಲ್ಲುತ್ತಾನೋ ಅವರ ಪಂದ್ಯ. ಇವತ್ತು ಡಾಡ್ಜರ್ಸ್ ಸ್ಟಾರ್ಟರ್ ಯಾರು? ಒಟಾನಿ. ಮಧ್ಯರಾತ್ರಿಯವರೆಗೆ ಒಂಬತ್ತು ಸಲ ಬೇಸ್‌ಗೆ ಓಡಿದ ಅದೇ ಒಟಾನಿ. ನನ್ನ ಪ್ರಕಾರ ನಾಲ್ಕನೇ ಪಂದ್ಯ ಟೊರಾಂಟೊಗೆ.

ಮಿಸಿಸಾಗಾದವನು · ಅಕ್ಟೋಬರ್ 28

ಸ್ಪ್ರಿಂಗರ್ ಬ್ಯಾಟ್ ಬೀಸುವಾಗ ಪಕ್ಕೆ ಹಿಡಿದುಕೊಂಡು ಹೊರಗೆ ಹೋದರು. ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಆದರೂ ನನ್ನ 6 ಬದಲಿಸುವುದಿಲ್ಲ.

ಮಿಸಿಸಾಗಾದವನು · ಅಕ್ಟೋಬರ್ 29, ರಾತ್ರಿ

ಎರಡು ದಿನ, ಎರಡು ಗೆಲುವು! ನಾಲ್ಕನೇ ಪಂದ್ಯ 6-2. ಗೆರೆರೊ ಒಟಾನಿಯ ಚೆಂಡನ್ನೇ ಆಚೆ ಕಳಿಸಿದರು. ಇವತ್ತು 6-1. ಸ್ನೆಲ್ ಎಸೆದ ಮೊದಲ ಚೆಂಡೇ ಹೋಮ್ ರನ್. ಮೂರನೆಯದು ಇನ್ನೊಂದು. ನಾವು ಕೂತು ಸರಿಯಾಗಿ ನೋಡುವ ಮೊದಲೇ 2-0. ಆ 22ರ ಹುಡುಗ ಯೆಸಾವೆಜ್ ಏಳು ಇನ್ನಿಂಗ್ಸ್‌ನಲ್ಲಿ 12 ಸ್ಟ್ರೈಕ್ ಔಟ್, ಒಂದೂ ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಸಿಗುವ ಉಚಿತ ಬೇಸ್) ಇಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಹೊಸ ಹುಡುಗನೊಬ್ಬ ಇಷ್ಟು ಸ್ಟ್ರೈಕ್ ಔಟ್ ಮಾಡಿದ್ದೇ ಇಲ್ಲ.

3-2. ಊರಿಗೆ ಬರುತ್ತಿದ್ದೇವೆ. ಒಂದು ಬೇಕು. ಒಂದೇ ಒಂದು.

ಸಿಯಾಟಲ್ ಹಳಬ · ಅಕ್ಟೋಬರ್ 30

ಸ್ಪ್ಲಿಟರ್ ಬಗ್ಗೆ ನಾನು ಹೇಳಿದ್ದೆ ಅಲ್ವಾ.

ಲೆಕ್ಕದ ಮೇಷ್ಟ್ರು · ಅಕ್ಟೋಬರ್ 30

ನಾಣ್ಯದ ಲೆಕ್ಕದಲ್ಲಿ 3-2 ಮುಂದಿರುವ ತಂಡಕ್ಕೆ ನೂರಕ್ಕೆ 75 ಅವಕಾಶ. ಸ್ವಂತ ಊರು ಬೇರೆ. ಆದರೆ ಆರನೇ ಪಂದ್ಯಕ್ಕೆ ಯಮಮೊಟೊ ಇದ್ದಾರೆ. ಹಾಗಾಗಿ ಆ ಪಂದ್ಯವನ್ನು ನಾನು ಡಾಡ್ಜರ್ಸ್‌ಗೆ 55 ಕೊಡುತ್ತೇನೆ, ಏಳನೆಯದನ್ನು ಸರಿಸಮ ಇಡುತ್ತೇನೆ. ಗುಣಿಸಿದರೆ ಡಾಡ್ಜರ್ಸ್‌ಗೆ ಸುಮಾರು 27, ಟೊರಾಂಟೊಗೆ 73. ಮೊದಲು ಬರೆದ 60 ಇಟ್ಟುಕೊಂಡು ಕೂರುವುದು ತಪ್ಪಾಗುತ್ತದೆ. ನಾನು ಈಗ ಬ್ಲೂ ಜೇಸ್ ಕಡೆ.

ಪಸಡೀನಾ ಅಮ್ಮ · ಅಕ್ಟೋಬರ್ 30

ಮೇಷ್ಟ್ರು ನಮ್ಮನ್ನು ಬಿಟ್ಟು ಹೋದರು. ನಾನು ಹೋಗುವುದಿಲ್ಲ. ಡಾಡ್ಜರ್ಸ್, 7. ಐದು ಅಂದದ್ದು ತಪ್ಪಾಯಿತು, ತಂಡ ಅಂದದ್ದು ತಪ್ಪಾಗಿಲ್ಲ.

ಹೊಸಬ ಬೆಂಗಳೂರು · ಅಕ್ಟೋಬರ್ 31

ನಿನ್ನೆ ರಾತ್ರಿ ಮಹಿಳಾ ವಿಶ್ವಕಪ್ ಸೆಮಿಫೈನಲ್ ನೋಡಿದಿರಾ? ಆಸ್ಟ್ರೇಲಿಯಾ 338 ಹೊಡೆದಾಗ ನಮ್ಮ ಮನೆಯಲ್ಲಿ ಅರ್ಧ ಜನ ಟಿವಿ ಬಿಟ್ಟು ಎದ್ದರು. ಜೆಮಿಮಾ 127 ಹೊಡೆದು ನಾಟ್ ಔಟ್ ಆಗಿ ನಿಂತು ಗೆಲ್ಲಿಸಿದಳು. ಹಾಗಾಗಿ ನೂರಕ್ಕೆ 27 ಅಂದರೆ ನನಗೆ ಕಡಿಮೆ ಅನಿಸುವುದಿಲ್ಲ. ಆದರೆ ಹೃದಯ ಟೊರಾಂಟೊ ಕಡೆ. ಆರ್‌ಸಿಬಿ 18 ವರ್ಷ ಕಾದು ಜೂನ್‌ನಲ್ಲಿ ಗೆದ್ದದ್ದನ್ನು ನೋಡಿದವನಿಗೆ 32 ವರ್ಷ ಕಾದವರ ನೋವು ಗೊತ್ತಾಗುತ್ತದೆ.

ಎಡಗೈ ಸ್ಪಿನ್ನರ್ · ನವೆಂಬರ್ 1, ಬೆಳಗ್ಗೆ

3-1, ಡಾಡ್ಜರ್ಸ್. ಮೂರೂ ರನ್ ಮೂರನೇ ಇನ್ನಿಂಗ್ಸ್‌ನಲ್ಲೇ. ಯಮಮೊಟೊ ಆರು ಇನ್ನಿಂಗ್ಸ್, 96 ಚೆಂಡು. ಆದರೆ ನಿನ್ನೆಯ ಪಂದ್ಯ ನಿಂತಿದ್ದು ಕೊನೆಯ ಇನ್ನಿಂಗ್ಸ್ ಮೇಲೆ. ನೋಡದವರಿಗೆ ಹೇಳುತ್ತೇನೆ.

ಮೊದಲ ಬೇಸ್‌ನಲ್ಲಿ ಟೊರಾಂಟೊ ಓಟಗಾರ ಮೈಲ್ಸ್ ಸ್ಟ್ರಾ. ಒಬ್ಬರೂ ಔಟ್ ಆಗಿಲ್ಲ. ಬಾರ್ಜರ್ ಹೊಡೆದ ಚೆಂಡು ಎಡ-ಮಧ್ಯ ಮೈದಾನದ ಗೋಡೆಯವರೆಗೆ ಹೋಯಿತು. ಹೋಗಿ, ಗೋಡೆಯ ಬುಡದಲ್ಲಿ ಸಿಕ್ಕಿಕೊಂಡು ಬಿಟ್ಟಿತು! ನಿಯಮದ ಪ್ರಕಾರ ಅದು ಎರಡು ಬೇಸ್ ಮಾತ್ರ. ಓಡಿ ಹೋಮ್ ಮುಟ್ಟಿದ್ದ ಸ್ಟ್ರಾ ಮೂರನೇ ಬೇಸ್‌ಗೆ ವಾಪಸ್. ಗ್ಲಾಸ್‌ನೌ ಬಂದರು. ಮೂರೇ ಚೆಂಡು. ಮೊದಲನೆಯದಕ್ಕೆ ಕ್ಲೆಮೆಂಟ್ ಸುಲಭ ಕ್ಯಾಚ್ ಕೊಟ್ಟರು. ಆಮೇಲೆ ಕೀಕೆ ಹೆರ್ನಾಂಡೆಸ್ ಎಡ ಮೈದಾನದಿಂದ ಮುಂದೆ ಓಡಿ ಬಂದು ಕ್ಯಾಚ್ ಹಿಡಿದು, ಎರಡನೇ ಬೇಸ್‌ಗೆ ಎಸೆದರು. ಬೇಸ್ ಬಿಟ್ಟು ಮುಂದೆ ಬಂದಿದ್ದ ಬಾರ್ಜರ್ ವಾಪಸ್ ತಲುಪಲಿಲ್ಲ. ಮುಗಿಯಿತು.

ಇವತ್ತು ಏಳನೆಯದು. ಒಟಾನಿ ಮೂರೇ ದಿನದ ವಿಶ್ರಾಂತಿಯಲ್ಲಿ ಎಸೆಯುತ್ತಾರೆ. ಈ ಕಡೆ ಶೆರ್ಜರ್. 2019ರಲ್ಲಿ ವಾಷಿಂಗ್ಟನ್‌ಗಾಗಿ ವರ್ಲ್ಡ್ ಸೀರೀಸ್ ಏಳನೇ ಪಂದ್ಯ ಶುರು ಮಾಡಿ ಗೆದ್ದ ತಂಡದಲ್ಲಿದ್ದವರು. ನನ್ನ ಲೆಕ್ಕ ಈಗ ಬ್ಲೂ ಜೇಸ್. ಮೂರು ದಿನದಲ್ಲಿ ಒಟಾನಿ ಕೈ ಪೂರ್ತಿ ಚೇತರಿಸುವುದಿಲ್ಲ. ಡಾಡ್ಜರ್ಸ್‌ನ ಅತ್ಯುತ್ತಮ ಕೈ ಯಮಮೊಟೊ ಇವತ್ತು ಇಲ್ಲ.

ಹೊಸಬ ಬೆಂಗಳೂರು · ನವೆಂಬರ್ 1

ಯಮಮೊಟೊ ಒಂದು ಇನ್ನಿಂಗ್ಸ್ ಕೂಡ ಬರುವ ಹಾಗಿಲ್ಲವಾ?

ಎಡಗೈ ಸ್ಪಿನ್ನರ್ · ನವೆಂಬರ್ 1

ಇಲ್ಲ. ನಿನ್ನೆ ರಾತ್ರಿ 96 ಎಸೆದಿದ್ದಾರೆ. ಈ ಕಾಲದಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಮಿಸಿಸಾಗಾದವನು · ನವೆಂಬರ್ 1, ಮಧ್ಯಾಹ್ನ

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು. ಸಂಜೆ ನಮ್ಮ ಸಂಘದ ಕಾರ್ಯಕ್ರಮ. ಮಕ್ಕಳ ನಾಟಕ ಇದೆ, ನನ್ನ ಮಗನಿಗೂ ಪಾತ್ರ ಇದೆ. ಪಂದ್ಯ ಎಂಟಕ್ಕೆ. ಊಟ ಬೇಗ ಬಡಿಸಿ, ಹಾಲ್‌ನ ಪರದೆಯ ಮೇಲೆ ಮ್ಯಾಚ್ ಹಾಕುವುದು ಅಂತ ಸಮಿತಿಯವರು ಒಪ್ಪಿದ್ದಾರೆ. ಕೆಂಪು ಹಳದಿ ಶಾಲಿನ ಕೆಳಗೆ ನೀಲಿ ಜೆರ್ಸಿ ಹಾಕಿಕೊಂಡು ಹೊರಟಿದ್ದೇವೆ.

ಬ್ಲೂ ಜೇಸ್. ಆರು ಅಂದಿದ್ದೆ, ಏಳಕ್ಕೆ ಬಂತು.

ಪಸಡೀನಾ ಅಮ್ಮ · ನವೆಂಬರ್ 1, ಮಧ್ಯಾಹ್ನ

ಡಾಡ್ಜರ್ಸ್. ನಿಮ್ಮ ಮಗನ ನಾಟಕ ಚೆನ್ನಾಗಿ ಆಗಲಿ.

ಲೆಕ್ಕದ ಮೇಷ್ಟ್ರು · ನವೆಂಬರ್ 1

ಸರಿಸಮ. ಟೊರಾಂಟೊಗೆ ಊರಿನ ಬಲ ಅಂತ ಒಂದೆರಡು ಜಾಸ್ತಿ ಕೊಡಬಹುದು. ಅದಕ್ಕಿಂತ ಹೆಚ್ಚಿಗೆ ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ.

ಹೊಸಬ ಬೆಂಗಳೂರು · ನವೆಂಬರ್ 2, ಬೆಳಗ್ಗೆ

ಯಮಮೊಟೊ ಬಂದರು!! ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಬಂದರು!

ಸಿಯಾಟಲ್ ಹಳಬ · ನವೆಂಬರ್ 1, ರಾತ್ರಿ

ಡಾಡ್ಜರ್ಸ್ 5, ಬ್ಲೂ ಜೇಸ್ 4. ಹನ್ನೊಂದು ಇನ್ನಿಂಗ್ಸ್.

ತಂಡ, ಪಂದ್ಯ ಎರಡೂ ನಾನು ಮೊದಲ ದಿನ ಬರೆದ ಹಾಗೇ ಆಯಿತು. ಸಂತೋಷ ಪಡಲು ಮನಸ್ಸೇ ಬರುತ್ತಿಲ್ಲ. ಹನ್ನೆರಡು ದಿನದ ಹಿಂದೆ ನಾನು ಕೂತಿದ್ದ ಜಾಗದಲ್ಲಿ ಇವತ್ತು ಮಿಸಿಸಾಗಾದವರು ಕೂತಿದ್ದಾರೆ.

ಟೊರಾಂಟೊದ ಬೋ ಬಿಶೆಟ್ ಒಟಾನಿಯ ಚೆಂಡಿಗೆ ಮೂರು ರನ್ ಹೊಡೆತ ಹೊಡೆದಾಗ ಮುಗಿಯಿತು ಅಂದುಕೊಂಡೆ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 4-3, ಟೊರಾಂಟೊಗೆ ಎರಡು ಔಟ್ ಬಾಕಿ. ಆಗ ಹೋಮ್ ರನ್ ಹೊಡೆದದ್ದು ಯಾರು? ಒಟಾನಿ ಅಲ್ಲ, ಫ್ರೀಮನ್ ಅಲ್ಲ, ಬೆಟ್ಸ್ ಅಲ್ಲ. ಮಿಗೆಲ್ ರೋಹಾಸ್. ಫೀಲ್ಡಿಂಗ್ ಕೈಚಳಕಕ್ಕೆ ಹೆಸರಾದ 36ರ ಆಟಗಾರ. ಈ ಚರ್ಚೆಯಲ್ಲಿ ಅವರ ಹೆಸರನ್ನು ನಾವು ಯಾರೂ ಒಂದು ಸಲವೂ ಬರೆದಿರಲಿಲ್ಲ.

ಎಡಗೈ ಸ್ಪಿನ್ನರ್ · ನವೆಂಬರ್ 2

ನಾನು ಖಚಿತವಾಗಿ "ಇಲ್ಲ" ಅಂದಿದ್ದೆ. ಯಮಮೊಟೊ ಒಂದು ದಿನವೂ ವಿಶ್ರಾಂತಿ ಇಲ್ಲದೆ ಎಂಟು ಔಟ್ ತೆಗೆದರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಬೇಸ್ ತುಂಬಿತ್ತು, ಒಂದು ಔಟ್. ರೋಹಾಸ್ ಎಡವುತ್ತಾ ಚೆಂಡು ಹಿಡಿದು ಹೋಮ್‌ಗೆ ಎಸೆದು ಗೆಲುವಿನ ರನ್ ತಡೆದರು, ಕೂದಲೆಳೆ ಅಂತರದಲ್ಲಿ. ಆಮೇಲೆ ಕ್ಲೆಮೆಂಟ್ ಹೊಡೆದ ಚೆಂಡನ್ನು ಆಂಡಿ ಪಾಹೆಸ್ ಹೆರ್ನಾಂಡೆಸ್‌ಗೆ ಡಿಕ್ಕಿ ಹೊಡೆದು ಹಿಡಿದರು. ಹನ್ನೊಂದರಲ್ಲಿ ಡಾಡ್ಜರ್ಸ್‌ನ ವಿಲ್ ಸ್ಮಿತ್ ಹೋಮ್ ರನ್. ಕೊನೆಗೆ ಟೊರಾಂಟೊದ ಕರ್ಕ್ ಹೊಡೆದ ಚೆಂಡಿಗೆ ಬ್ಯಾಟ್ ಮುರಿದು ಡಬಲ್ ಪ್ಲೇ, ಒಂದೇ ಹೊಡೆತಕ್ಕೆ ಇಬ್ಬರು ಔಟ್.

ಈ ಸೀರೀಸ್‌ನಲ್ಲಿ ಯಮಮೊಟೊ ಮೂರು ಪಂದ್ಯ ಗೆದ್ದರು. ಸೀರೀಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ (ಎಂವಿಪಿ) ಅವರಿಗೇ. ನಾನು ಇಪ್ಪತ್ತು ವರ್ಷದಿಂದ ಈ ಆಟ ನೋಡುತ್ತಿದ್ದೇನೆ. ಪಿಚರ್ ಕೈಗೆ ಎಷ್ಟು ದಿನ ವಿಶ್ರಾಂತಿ ಬೇಕು ಅನ್ನುವುದರ ಮೇಲೆ ನನ್ನ ಎಲ್ಲಾ ಲೆಕ್ಕ ನಿಂತಿದೆ. ನಿನ್ನೆ ಆ ಮನುಷ್ಯ ಮಾಡಿದ್ದು ಎಂಥ ದೊಡ್ಡ ಕೆಲಸ ಅನ್ನುವುದು ನನಗೆ ಅದಕ್ಕೇ ಇನ್ನೂ ಚೆನ್ನಾಗಿ ಗೊತ್ತಾಗುತ್ತಿದೆ.

ಪಸಡೀನಾ ಅಮ್ಮ · ನವೆಂಬರ್ 2

ಯಾಂಕೀಸ್ 1998ರಿಂದ 2000ದವರೆಗೆ ಸತತ ಮೂರು ಗೆದ್ದ ಮೇಲೆ ಯಾರೂ ಎರಡು ವರ್ಷ ಸತತ ಗೆದ್ದಿರಲಿಲ್ಲ. ನಾವು ಗೆದ್ದೆವು. ಕುಣಿದೆ, ಅತ್ತೆ, ಗಂಟಲು ಬಿದ್ದು ಹೋಗಿದೆ. ಕ್ಲೇಟನ್ ಕರ್ಶಾ ಹದಿನೆಂಟು ವರ್ಷ ನಮಗಾಗಿ ಎಸೆದು ಈ ಕಪ್ ಹಿಡಿದು ನಿವೃತ್ತಿ ಆದರು.

ಮಿಸಿಸಾಗಾದವರೇ, ನಿಮ್ಮ ತಂಡ ನಮ್ಮನ್ನು ಇಷ್ಟು ಹೆದರಿಸಿದಂತೆ ಬೇರೆ ಯಾರೂ ಹೆದರಿಸಿಲ್ಲ. ಇದನ್ನು ಗೆದ್ದ ಸಂತೋಷಕ್ಕೆ ಹೇಳುತ್ತಿಲ್ಲ. ನಾಟಕ ಹೇಗಾಯಿತು?

ಮಿಸಿಸಾಗಾದವನು · ನವೆಂಬರ್ 2

ನಾಟಕ ಚೆನ್ನಾಗಿ ಆಯಿತು ಅಮ್ಮ. ಹಾಲ್‌ನವರು ಹನ್ನೊಂದಕ್ಕೆ ಬೀಗ ಹಾಕಬೇಕಿತ್ತು. ಕಾವಲುಗಾರರೂ ಕುರ್ಚಿ ಎಳೆದುಕೊಂಡು ಕೂತರು. ಡಬಲ್ ಪ್ಲೇ ಆದಾಗ ಮಧ್ಯರಾತ್ರಿ ದಾಟಿತ್ತು. ಯಾರೂ ಏಳಲಿಲ್ಲ. ಸುಮಾರು ಹೊತ್ತು ಹಾಗೇ ಕೂತಿದ್ದೆವು. ಆಮೇಲೆ ಎಲ್ಲರೂ ಸೇರಿ ಕುರ್ಚಿ ಮಡಿಸಿದೆವು.

ಕಾರಿನಲ್ಲಿ ಮಗ ಒಂದೇ ಪ್ರಶ್ನೆ ಕೇಳಿದ. ಏಳನೇ ಪಂದ್ಯದ ಬಗ್ಗೆ ಅಲ್ಲ. ಶುಕ್ರವಾರ ಆ ಚೆಂಡು ಗೋಡೆಗೆ ಸಿಕ್ಕಿಕೊಳ್ಳದೆ ಇದ್ದಿದ್ದರೆ ಏನಾಗುತ್ತಿತ್ತು ಅಪ್ಪಾ ಅಂತ. ನನಗೆ ಉತ್ತರ ಕೊಡಲು ಆಗಲಿಲ್ಲ. ಸ್ಪಿನ್ನರ್ ಅವರೇ, ನೀವು ಹೇಳಿ. ಅವನಿಗೆ ಓದಿ ಹೇಳುತ್ತೇನೆ.

ಎಡಗೈ ಸ್ಪಿನ್ನರ್ · ನವೆಂಬರ್ 2

ಪುಟ್ಟಾ, ಸ್ಟ್ರಾ ಖಂಡಿತ ಹೋಮ್ ತಲುಪುತ್ತಿದ್ದರು. 3-2 ಆಗುತ್ತಿತ್ತು. ಬಾರ್ಜರ್ ಎರಡನೇ ಬೇಸ್‌ನಲ್ಲಿ ಇರುತ್ತಿದ್ದರು, ಮೂರನೆಯದಕ್ಕೂ ಓಡಿರಬಹುದಿತ್ತು. ಒಬ್ಬರೂ ಔಟ್ ಆಗಿರುತ್ತಿರಲಿಲ್ಲ. ಸ್ಟೇಡಿಯಂ ಪೂರ್ತಿ ಎದ್ದು ನಿಂತಿರುತ್ತಿತ್ತು. ಅಲ್ಲಿಂದ ಮುಂದೆ ಏನಾಗುತ್ತಿತ್ತು ಅನ್ನುವುದು ನನಗೂ ಗೊತ್ತಿಲ್ಲ.